ಬಾಟಲಿಯೊಳಗಿನ ಗಿಡಕ್ಕೆ ವಿಕಿರಣ ಕೊಟ್ಟರೆ ಮದ್ದು ಜಾಸ್ತಿ ಆಗುತ್ತದಾ?

ಆಗುತ್ತದೆ. ಆದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅಂತ ತಿಳಿಯದೆ ಕೊಟ್ಟರೆ ಬಾಟಲಿಯಲ್ಲಿ ಉಳಿಯುವುದು ಕಂದು ಬಣ್ಣಕ್ಕೆ ತಿರುಗಿದ ಸತ್ತ ಮುದ್ದೆ ಮಾತ್ರ. ಟಿಶ್ಯೂ ಕಲ್ಚರ್, ಅಂದರೆ ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸುವುದು, ನನ್ನ ಕೆಲಸ. ಪ್ರಾಜೆಕ್ಟ್ ಮಾಡುವ ಮಕ್ಕಳು ಈ ವಿಷಯ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಇದೆಲ್ಲ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ನಮ್ಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಅಂತ ಒಂದಿದೆ. ದೊಡ್ಡ ಮರವೇನಲ್ಲ. ಹೂ ಬಿಟ್ಟಾಗ ಹತ್ತಿರ ನಿಲ್ಲಲು ಆಗುವುದಿಲ್ಲ, ಅಷ್ಟು ಕೆಟ್ಟ ವಾಸನೆ, ಹೆಸರು ಬಂದಿರುವುದೂ ಅದರಿಂದಲೇ. ಸಸ್ಯಶಾಸ್ತ್ರದವರಿಗೆ ಅದು ನೋಥಪೊಡೈಟಿಸ್ ನಿಮ್ಮೋನಿಯಾನ. ಅದರ ಕಾಂಡದಲ್ಲಿ, ಬೇರಿನಲ್ಲಿ, ತೊಗಟೆಯಲ್ಲಿ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತು ಇದೆ. ಈ ವಸ್ತುವನ್ನು ಮೊದಲು ಚೀನಾದ ಒಂದು ಮರದಿಂದ ಬೇರ್ಪಡಿಸಿ 1966ರಲ್ಲಿ ಜಗತ್ತಿಗೆ ತಿಳಿಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾನಿ ಮಹಾರಾಷ್ಟ್ರದಲ್ಲಿ ಹುಟ್ಟಿದವರು. ಕೆಲವೇ ವರ್ಷದಲ್ಲಿ, 1972ರಲ್ಲಿ, ನಮ್ಮ ಘಟ್ಟದ ಮರದಲ್ಲೂ ಅದೇ ವಸ್ತು ಇದೆ ಅಂತ ಗೊತ್ತಾಯಿತು. ಇದನ್ನು ಸ್ವಲ್ಪ ಬದಲಾಯಿಸಿ ಮಾಡಿದ ಇರಿನೊಟೆಕಾನ್ ಇವತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಮದ್ದು, ಟೊಪೊಟೆಕಾನ್ ಅಂಡಾಶಯದ ಕ್ಯಾನ್ಸರ್‌ಗೆ ಕೊಡುವ ಮದ್ದು.

ಎಷ್ಟೋ ಮನೆಯವರಿಗೆ ಇದು ಜೀವ ಉಳಿಸಿದ ಮದ್ದು. ಆದರೆ ಮರದ ಪಾಡು ನೋಡಿ. ಎಲೆ ಕಿತ್ತುಕೊಂಡು ಹೋಗುವ ಹಾಗಿದ್ದರೆ ಮರ ಬದುಕುತ್ತಿತ್ತು. ಮದ್ದು ಜಾಸ್ತಿ ಇರುವುದು ಬೇರು ಮತ್ತು ಕಾಂಡದಲ್ಲಿ, ಹಾಗಾಗಿ ಬುಡಸಮೇತ ಕಡಿದು, ಚಕ್ಕೆ ಮಾಡಿ, ಮೂಟೆ ಕಟ್ಟಿ ಸಾಗಿಸಿದರು. ಘಟ್ಟದ ಉದ್ದಕ್ಕೂ ಎಷ್ಟೋ ಕಡೆ ಈ ಮರ ಕಡಿಮೆಯಾಗಿದ್ದು ಹೀಗೆ. ಒಂದು ಮರ ಕಡಿದರೆ ಮತ್ತೆ ಆ ಜಾಗದಲ್ಲಿ ಅಷ್ಟು ದಪ್ಪದ ಮರ ಬೆಳೆಯಲು ವರ್ಷಗಟ್ಟಲೆ ಕಾಯಬೇಕು. ನನಗೆ ಈ ಕೆಲಸದಲ್ಲಿ ಇಷ್ಟು ಆಸಕ್ತಿ ಇರುವುದಕ್ಕೆ ಕಾರಣ ಇದೇ.

ಮರ ಕಡಿಯದೆ ಮದ್ದು ತೆಗೆಯುವ ಒಂದು ದಾರಿ ಅಂದರೆ ಜೀವಕೋಶಗಳನ್ನು ಬಾಟಲಿಯಲ್ಲಿ ಬೆಳೆಸುವುದು. ಎಳೆ ಎಲೆಯ ಚೂರನ್ನು ಚೆನ್ನಾಗಿ ತೊಳೆದು, ಸೋಂಕು ತೆಗೆದು, ಸಕ್ಕರೆ, ಉಪ್ಪುಗಳು, ವಿಟಮಿನ್, ಹಾರ್ಮೋನ್ ಹಾಕಿದ ಅಗರ್ ಅನ್ನುವ ಜೆಲ್ಲಿಯ ಮೇಲೆ ಇಡುತ್ತೇವೆ. ಕೋಶಗಳಿಗೆ ಊಟವಾಗುವ ಈ ಮಿಶ್ರಣಕ್ಕೆ ಮೀಡಿಯಾ ಅನ್ನುತ್ತೇವೆ. ಅದರ ಲೆಕ್ಕ ಹೊಸದಲ್ಲ, 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಕೊಟ್ಟ ಪಟ್ಟಿಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಕೆಲವು ವಾರದಲ್ಲಿ ಎಲೆಯ ಅಂಚಿನಿಂದ ತಿಳಿ ಹಳದಿ ಬಣ್ಣದ, ಉದುರುದುರಾದ ಮುದ್ದೆ ಎದ್ದು ಬರುತ್ತದೆ. ಅದೇ ಕ್ಯಾಲಸ್. ಚಿಮಟದಲ್ಲಿ ಎತ್ತಿದರೆ ಪುಡಿಪುಡಿಯಾಗಿ ಬಿಡಿಸಿಕೊಳ್ಳುತ್ತದೆ. ಒಳ್ಳೆಯ ಕ್ಯಾಲಸ್ ಮೇಲೆ ಬೆಳಕು ಬಿದ್ದರೆ ಒದ್ದೆ ಸಕ್ಕರೆಯ ಹಾಗೆ ಮಿನುಗುತ್ತದೆ.

ತೊಂದರೆ ಏನಪ್ಪಾ ಅಂದರೆ ಈ ಕ್ಯಾಲಸ್ ಚೆನ್ನಾಗಿ ಬೆಳೆಯುತ್ತದೆ, ಮದ್ದು ಮಾತ್ರ ಮಾಡುವುದಿಲ್ಲ. ದುರ್ವಾಸನೆ ಮರದ ಕ್ಯಾಲಸ್‌ನಲ್ಲಿ ಸಿಗುವ ಕ್ಯಾಂಪ್ಟೊಥೆಸಿನ್ ಮರದಲ್ಲಿ ಇರುವುದಕ್ಕಿಂತ ತುಂಬಾ ಕಡಿಮೆ. ಯೋಚನೆ ಮಾಡಿದರೆ ಅದು ಸರಿಯೇ ಅಲ್ವಾ? ಗಿಡ ಈ ವಸ್ತುಗಳನ್ನು ಮಾಡುವುದು ನಮಗಾಗಿ ಅಲ್ಲ. ಹುಳ ತಿನ್ನದಿರಲಿ, ಬೂಸ್ಟು ಹತ್ತದಿರಲಿ, ಬಿಸಿಲಿನ ಪೆಟ್ಟು ತಡೆಯಲಿ ಅಂತ ಮಾಡಿಕೊಳ್ಳುತ್ತದೆ. ಬಾಟಲಿಯಲ್ಲಿ ಹುಳ ಇಲ್ಲ, ಬೂಸ್ಟು ಇಲ್ಲ, ಸಕ್ಕರೆ ಬಾಯಿಗೇ ಬರುತ್ತಿದೆ, ಬೆಳಕು 25 ಡಿಗ್ರಿಯ ರೂಮಿನ ಟ್ಯೂಬ್‌ಲೈಟಿನದು. ಅಲ್ಲಿ ಮದ್ದು ಮಾಡಿಕೊಳ್ಳಲು ಕಾರಣವೇ ಇಲ್ಲ.

ಹಾಗಾಗಿ ಒಂದು ಸಣ್ಣ ಕಷ್ಟ ಕೊಡಬೇಕು. ಕಾಫಿ ತೋಟ ಇರುವವರಿಗೆ ಇದು ಹೊಸದಲ್ಲ. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಗಿಡ ಸ್ವಲ್ಪ ಬಾಡಬೇಕು, ಆಮೇಲೆ ಹೂಮಳೆ ಬೀಳಬೇಕು, ಆಗಲೇ ಮೊಗ್ಗು ಒಡೆಯುವುದು. ಬಾಡದೆ ಇದ್ದರೂ ಹೂ ಸರಿಯಾಗಿ ಬರುವುದಿಲ್ಲ, ಬಾಡಿ ಬಾಡಿ ಒಣಗಿದರೂ ಬರುವುದಿಲ್ಲ. ಕ್ಯಾಲಸ್‌ಗೆ ಕೊಡುವ ಕಷ್ಟಕ್ಕೂ ಇದೇ ಲೆಕ್ಕ. ಬೂಸ್ಟಿನ ಸಾರ ಹಾಕಬಹುದು, ಪೆಟ್ಟು ಬಿದ್ದಾಗ ಗಿಡವೇ ಮಾಡಿಕೊಳ್ಳುವ ಜಾಸ್ಮೊನೇಟ್ ಅನ್ನುವ ಹಾರ್ಮೋನ್ ಹಾಕಬಹುದು, ಬೆಳ್ಳಿಯ ಲವಣ ಹಾಕುವವರೂ ಇದ್ದಾರೆ. ಇವನ್ನೆಲ್ಲ ಎಲಿಸಿಟರ್ ಅನ್ನುತ್ತೇವೆ. ವಿಕಿರಣವೂ ಒಂದು ಎಲಿಸಿಟರ್. ನನಗೆ ಅದು ಇಷ್ಟವಾಗುವುದು ಎರಡು ಕಾರಣಕ್ಕೆ. ಮೀಡಿಯಾದಲ್ಲಿ ಏನನ್ನೂ ಉಳಿಸಿ ಹೋಗುವುದಿಲ್ಲ, ಕೊಟ್ಟ ಪ್ರಮಾಣ ಎಷ್ಟು ಅಂತ ಸರಿಯಾಗಿ ಅಳೆಯಬಹುದು.

ಇದಕ್ಕೆ ಬಳಸುವ ವಿಕಿರಣದಲ್ಲಿ ಎರಡು ಬಗೆ ಹೇಳುತ್ತೇನೆ, ಗಾಮಾ ಮತ್ತು ಯುವಿ (ನೇರಳಾತೀತ ಕಿರಣ). ಮೊದಲು ಗಾಮಾ. ಗಾಮಾ ಕಿರಣ ಒಳಗೆ ಹೋಗಿ ಮಾಡುವುದೇನು? ಜೀವಕೋಶದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇದೆ. ಕಿರಣ ಮೊದಲು ಆ ನೀರನ್ನು ಒಡೆಯುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಇವು ಜಾಸ್ತಿಯಾದರೆ ಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲ ಹಾಳು. ಕಡಿಮೆ ಪ್ರಮಾಣದಲ್ಲಿದ್ದರೆ ಇವೇ ಕೋಶಕ್ಕೆ ಎಚ್ಚರಿಕೆ, ಹುಳ ಕಚ್ಚಿದಾಗ, ಬೂಸ್ಟು ತಾಗಿದಾಗ ಬರುವುದೂ ಇದೇ ಎಚ್ಚರಿಕೆ. ಅದರ ಹಿಂದೆ ಜಾಸ್ಮೋನಿಕ್ ಆಮ್ಲ ಏರುತ್ತದೆ, ಪಿಎಎಲ್ ಅನ್ನುವ ಕಿಣ್ವ ಚುರುಕಾಗುತ್ತದೆ, ಅಲ್ಲಿಂದ ಗಿಡವನ್ನು ಕಾಯುವ ಫಿನಾಲ್‌ಗಳು, ಫ್ಲೇವನಾಯ್ಡ್‌ಗಳು ಸಾಲಾಗಿ ತಯಾರಾಗುತ್ತವೆ. ಅಂದರೆ ಬರದೇ ಇರುವ ಹುಳಕ್ಕೆ ಗಿಡ ಮದ್ದು ಅರೆಯಲು ಶುರು ಮಾಡುತ್ತದೆ.

ಊರಲ್ಲಿ ಈ ಮಾತು ಬಂದಾಗ ನಮ್ಮ ಚಿಕ್ಕಪ್ಪ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯೇ.

"ಅಲ್ಲಮ್ಮಾ, ರೇಡಿಯೇಷನ್ ಕೊಟ್ಟ ಗಿಡದಿಂದ ಮದ್ದು ಮಾಡಿದ್ರೆ ಆ ಮದ್ದಲ್ಲೂ ರೇಡಿಯೇಷನ್ ಇರಲ್ವಾ?"

"ಇರಲ್ಲ ಚಿಕ್ಕಪ್ಪ. ಎಕ್ಸ್‌ರೇ ತೆಗೆಸಿಕೊಂಡು ಬಂದ ಮೇಲೆ ನಿಮ್ಮ ಕೈಯಲ್ಲಿ ಎಕ್ಸ್‌ರೇ ಉಳಿದಿರುತ್ತಾ?"

ಅಷ್ಟು ಹೇಳಿ ಬಿಟ್ಟರೆ ಸಾಲದು, ಯಾಕೆ ಉಳಿಯುವುದಿಲ್ಲ ಅಂತಲೂ ಹೇಳಬೇಕು. ಗಾಮಾಕ್ಕೆ ಬಳಸುವುದು ಕೋಬಾಲ್ಟ್-60 ಅನ್ನುವ ವಿಕಿರಣಶೀಲ ಲೋಹ. ಅದರಿಂದ ಹೊರಡುವ ಕಿರಣಗಳ ಶಕ್ತಿ 1.17 ಮತ್ತು 1.33 ಎಂಇವಿ (ಕಿರಣದ ಶಕ್ತಿ ಅಳೆಯುವ ಮಾನ). ಗಿಡದಲ್ಲಿರುವ ಇಂಗಾಲ, ಆಮ್ಲಜನಕ, ಸಾರಜನಕದ ಪರಮಾಣು ಬೀಜವನ್ನು ಅಲುಗಾಡಿಸಿ ವಿಕಿರಣಶೀಲ ಮಾಡಲು ಆ ಶಕ್ತಿ ಸಾಲುವುದೇ ಇಲ್ಲ. ಕೋಬಾಲ್ಟ್ ಸೀಸದ ದಪ್ಪ ಗೋಡೆಯೊಳಗೆ ಉಕ್ಕಿನ ಕೊಳವೆಯಲ್ಲಿ ಭದ್ರವಾಗಿ ಕೂತಿರುತ್ತದೆ. ನಮ್ಮ ಬಾಟಲಿ ಅದರ ನಡುವೆ ಇಳಿದು, ಹೊತ್ತಾದ ಮೇಲೆ ಮೇಲೆ ಬರುತ್ತದೆ. ಎರಡೂ ಒಂದಕ್ಕೊಂದು ಮುಟ್ಟುವುದಿಲ್ಲ.

ಪ್ರಮಾಣ ಎಷ್ಟು ಕಡಿಮೆ ಅನ್ನುವುದನ್ನೂ ಹೇಳುತ್ತೇನೆ. ವಿಕಿರಣವನ್ನು ಅಳೆಯುವುದು ಗ್ರೇ ಲೆಕ್ಕದಲ್ಲಿ. ಒಂದು ಕಿಲೋ ವಸ್ತು ಒಂದು ಜೂಲ್ ಶಕ್ತಿ ಹೀರಿಕೊಂಡರೆ ಅದು 1 ಗ್ರೇ. ಸಂಬಾರ ಪದಾರ್ಥದ ಸೂಕ್ಷ್ಮಾಣು ತೆಗೆಯಲು ನಮ್ಮ ದೇಶದ ನಿಯಮ ಒಪ್ಪಿರುವ ಪ್ರಮಾಣ 6ರಿಂದ 14 ಕಿಲೋಗ್ರೇ, ಅಂದರೆ ಸಾವಿರಗಟ್ಟಲೆ ಗ್ರೇ. ನವಿ ಮುಂಬೈನ ವಾಶಿಯಲ್ಲಿ ಇದಕ್ಕೆಂದೇ ಘಟಕ ಇದೆ. ನಾವು ಬೆಳೆಯುವ ಕರಿಮೆಣಸನ್ನೂ ಹೀಗೆ ಮಾಡಿ ಕಳಿಸಬಹುದು. ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆ ಬರದಿರಲಿ ಅಂತ ಕೊಡುವುದು 100 ಗ್ರೇಗಿಂತ ಕಡಿಮೆ. ಕ್ಯಾಲಸ್‌ಗೆ ಎಲಿಸಿಟರ್ ಆಗಿ ಕೊಡುವುದು ಸಾಮಾನ್ಯವಾಗಿ ಇನ್ನೂ ಕೆಳಗೆ, ಕೆಲವು ಗ್ರೇಯಿಂದ ಕೆಲವು ಹತ್ತು ಗ್ರೇವರೆಗೆ. ಹಾಗಂತ ಇದು ಮನುಷ್ಯರಿಗೆ ಸಣ್ಣ ಪ್ರಮಾಣ ಅಂದುಕೊಳ್ಳಬೇಡಿ. ಇಡೀ ಮೈಗೆ ಒಂದೇ ಸಲ 4-5 ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಉಳಿಯುವುದಿಲ್ಲ. ಅದಕ್ಕೇ ಈ ಯಂತ್ರಕ್ಕೆ ಪರವಾನಗಿ, ತರಬೇತಿ ಪಡೆದ ಜನ, ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಎಲ್ಲ ಇರುವುದು, ಇರಲೇಬೇಕು.

ಪ್ರಮಾಣದ ಮಾತಿಗೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಶಿಕೋನಿನ್. ಇದು ಲಿಥೊಸ್ಪರ್ಮಮ್ ಅನ್ನುವ ಗಿಡದ ಬೇರಿನ ಕೆಂಪು ನೇರಳೆ ಬಣ್ಣ, ಗಾಯ ಮಾಯಿಸುವ ಮದ್ದು ಅಂತ ಜಪಾನ್, ಚೀನಾ, ಕೊರಿಯಾದಲ್ಲಿ ಹಿಂದಿನಿಂದ ಹೆಸರು. ಬೇರಿನಲ್ಲಿ ಇದು ಕೂಡಿಕೊಳ್ಳಲು ವರ್ಷಗಳು ಬೇಕು. 1980ರ ದಶಕದಲ್ಲಿ ಜಪಾನಿನ ಮಿತ್ಸುಯಿ ಕಂಪನಿಯವರು ಇದನ್ನು ದೊಡ್ಡ ಟ್ಯಾಂಕ್‌ನಲ್ಲಿ, ಬರೀ ಕೋಶಗಳಿಂದ, ಕೆಲವೇ ವಾರದಲ್ಲಿ ತಯಾರಿಸಿ ಮಾರಾಟಕ್ಕೆ ತಂದರು. ಲಿಪ್‌ಸ್ಟಿಕ್‌ಗೂ ಹಾಕಿದರು. ಗಿಡದ ಕೋಶದಿಂದ ವ್ಯಾಪಾರದ ಮಟ್ಟಕ್ಕೆ ಬಂದ ಮೊದಲ ವಸ್ತು ಅದು. ಆಮೇಲೆ ಕೊರಿಯಾದ ಸಂಶೋಧಕರು ಇದೇ ಕೋಶಗಳಿಗೆ 2, 16, 32 ಗ್ರೇ ಗಾಮಾ ಕೊಟ್ಟು ನೋಡಿದರು. ಮೂರರಲ್ಲೂ ಶಿಕೋನಿನ್ ಏರಿತು, ಆದರೆ ಎಲ್ಲಕ್ಕಿಂತ ಜಾಸ್ತಿ ಏರಿದ್ದು ನಡುವಿನ 16ರಲ್ಲಿ. ಇನ್ನೊಂದು ವಿಷಯ, ಸಾಮಾನ್ಯ ಬೆಳಕು ಬಿದ್ದರೆ ಈ ಕೋಶಗಳು ಶಿಕೋನಿನ್ ಮಾಡುವುದನ್ನು ನಿಲ್ಲಿಸುತ್ತವೆ, ಕತ್ತಲಲ್ಲೇ ಬೆಳೆಸಬೇಕು. ಬೆಳಕಿಗೆ ಮುನಿಸಿಕೊಳ್ಳುವ ಕೋಶ ಗಾಮಾಕ್ಕೆ ಒಲಿಯುತ್ತದೆ. ಒಂದು ಗಿಡದಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಸುಮ್ನೆ ಅಂಟಿಸಬಾರದು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಗಾಮಾ ಯಂತ್ರ ಎಲ್ಲರ ಕೈಗೆ ಸಿಗುವುದಿಲ್ಲ. ಕೊಡಗಿನಿಂದ ಕಳಿಸುವುದಾದರೆ ಬಾಟಲಿಗಳನ್ನು ಡಬ್ಬಿಯಲ್ಲಿ ಜೋಡಿಸಿ, ಘಾಟಿ ಇಳಿಸಿ, ಅಲ್ಲಿ ನಮ್ಮ ಸರದಿ ಬರುವವರೆಗೆ ಕಾದು, ವಾಪಸ್ ತರಬೇಕು. ದಾರಿಯ ಕುಲುಕಾಟ, ಬಿಸಿ ಕೂಡ ಕ್ಯಾಲಸ್‌ಗೆ ಕಷ್ಟವೇ. ಅದಕ್ಕೇ ಹೋಗಿ ಬಂದು ವಿಕಿರಣ ಮಾತ್ರ ಪಡೆಯದ ಒಂದಷ್ಟು ಬಾಟಲಿಗಳು ಜೊತೆಯಲ್ಲಿ ಇರಲೇಬೇಕು. ರೂಮಿನಲ್ಲೇ ಬಿಟ್ಟು ಹೋದ ಬಾಟಲಿಗೆ ಹೋಲಿಸಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಕೋಬಾಲ್ಟ್‌ನ ಅರ್ಧಾಯುಷ್ಯ 5.27 ವರ್ಷ, ಅಂದರೆ ತಿಂಗಳಿಗೆ ಶೇಕಡ 1ರಷ್ಟು ಶಕ್ತಿ ಇಳಿಯುತ್ತಾ ಹೋಗುತ್ತದೆ. ಹೋದ ವರ್ಷ ಇಷ್ಟು ನಿಮಿಷ ಇಟ್ಟಿದ್ದೆವು ಅಂತ ಈ ವರ್ಷವೂ ಅಷ್ಟೇ ಇಟ್ಟರೆ ಗ್ರೇ ಕಡಿಮೆ ಬೀಳುತ್ತದೆ. ಯಂತ್ರದವರ ಹತ್ತಿರ ಆ ದಿನದ ಡೋಸ್ ರೇಟ್, ಅಂದರೆ ನಿಮಿಷಕ್ಕೆ ಎಷ್ಟು ಗ್ರೇ ಬೀಳುತ್ತದೆ ಅಂತ, ಕೇಳಿ ಬರೆದುಕೊಳ್ಳಿ.

ಯುವಿ ಹಾಗಲ್ಲ. ಲ್ಯಾಮಿನಾರ್ (ಸೂಕ್ಷ್ಮಾಣು ಇಲ್ಲದ ಗಾಳಿ ಹರಿಸುವ ಕೆಲಸದ ಪೆಟ್ಟಿಗೆ) ಇರುವ ಪ್ರತಿಯೊಂದು ಲ್ಯಾಬಿನಲ್ಲೂ 254 ನ್ಯಾನೋಮೀಟರಿನ ಯುವಿ-ಸಿ ದೀಪ ಇದ್ದೇ ಇರುತ್ತದೆ, ಬಿಸಿಲಿನಲ್ಲೂ ಇರುವ ಯುವಿ-ಬಿಯ ಟ್ಯೂಬ್ ಕೊಂಡರೆ ದೊಡ್ಡ ಖರ್ಚೇನಲ್ಲ. ಅದರಲ್ಲೂ ಯುವಿ-ಬಿ ವಿಷಯ ಚೆಂದ. ಗಿಡದ ಕೋಶದೊಳಗೆ ಅದನ್ನು ಗುರುತಿಸಲೆಂದೇ ಯುವಿಆರ್8 ಅನ್ನುವ ಪ್ರೋಟೀನ್ ಇದೆ. ಎರಡೆರಡು ಜೋಡಿಯಾಗಿ ಇರುತ್ತದೆ, ಯುವಿ-ಬಿ ಬಿದ್ದ ಕೂಡಲೇ ಜೋಡಿ ಬಿಟ್ಟು ಬೇರೆಯಾಗುತ್ತದೆ, ಆ ಬೇರೆಯಾದದ್ದೇ ಸುದ್ದಿ ಮುಟ್ಟಿಸುತ್ತದೆ. ಇದು ಬೆಳಕಿಗೆ ಬಂದದ್ದು 2011ರಲ್ಲಿ. ಕೋಶಕ್ಕೆ ಗಾಯ ಮಾಡದೆಯೇ ಬಿಸಿಲು ಬಂತು ಅಂತ ನಂಬಿಸಬಹುದು ಅಂದ ಹಾಗಾಯಿತು. ನಿತ್ಯಪುಷ್ಪದ ಕೋಶಗಳ ಕಲ್ಚರ್‌ಗೆ ಯುವಿ-ಬಿ ಕೊಟ್ಟು ಕ್ಯಾಥರಾಂಥಿನ್ ಏರಿಸಿದ್ದಾರೆ. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಮದ್ದುಗಳ ಒಂದು ಅರ್ಧ ಅದೇ ಕ್ಯಾಥರಾಂಥಿನ್.

ಆದರೆ ಯುವಿಯಲ್ಲಿ ಒಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಗಾಜು ಯುವಿಯನ್ನು ತಡೆಯುತ್ತದೆ. ಮುಚ್ಚಿದ ಜಾಮ್ ಬಾಟಲಿಯನ್ನು ದೀಪದ ಕೆಳಗೆ ಗಂಟೆಗಟ್ಟಲೆ ಇಟ್ಟರೂ ಒಳಗಿನ ಕ್ಯಾಲಸ್‌ಗೆ ಏನೂ ತಲುಪುವುದಿಲ್ಲ. ಪ್ಲಾಸ್ಟಿಕ್ ಪೆಟ್ರಿ ತಟ್ಟೆಯ ಮುಚ್ಚಳವೂ ಹಾಗೇ. ಲ್ಯಾಮಿನಾರ್ ಒಳಗೆ ಮುಚ್ಚಳ ತೆಗೆದೇ ಇಡಬೇಕು, ಕ್ಯಾಲಸ್ಸನ್ನು ತೆಳ್ಳಗೆ ಹರಡಬೇಕು, ಯಾಕೆಂದರೆ ಯುವಿ ಮೇಲಿನ ಒಂದೆರಡು ಪದರಕ್ಕಿಂತ ಕೆಳಗೆ ಹೋಗುವುದಿಲ್ಲ. ದಪ್ಪ ಮುದ್ದೆ ಇಟ್ಟರೆ ಮೇಲಿನದು ಸುಟ್ಟು ಹೋಗಿರುತ್ತದೆ, ಕೆಳಗಿನದಕ್ಕೆ ಗೊತ್ತೇ ಆಗಿರುವುದಿಲ್ಲ. ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕತ್ತಲಲ್ಲಿ ಇಡಿ. ನೀಲಿ ಬೆಳಕು ಬಿದ್ದರೆ ಯುವಿ ಮಾಡಿದ ಡಿಎನ್‌ಎ ಗಾಯವನ್ನು ಕೋಶ ಬೇಗ ಸರಿ ಮಾಡಿಕೊಳ್ಳುತ್ತದೆ, ಬೆಳಕಿನಲ್ಲಿ ಇಟ್ಟದ್ದಕ್ಕೂ ಕತ್ತಲಲ್ಲಿ ಇಟ್ಟದ್ದಕ್ಕೂ ಫಲ ಬೇರೆ ಬರುತ್ತದೆ. ದೀಪ ಉರಿಯುವಾಗ ಕೈ ಹಾಕಬೇಡಿ, ಬರಿಗಣ್ಣಲ್ಲಿ ನೋಡಬೇಡಿ, ದಯವಿಟ್ಟು.

ಇನ್ನು ನಾನು ಜಗಳಕ್ಕೆ ನಿಲ್ಲುವ ವಿಷಯ. ಪೋಸ್ಟರ್‌ಗಳಲ್ಲಿ "ವಿಕಿರಣದಿಂದ ಮದ್ದಿನ ಅಂಶ ಎರಡು ಪಟ್ಟು" ಅಂತ ದೊಡ್ಡದಾಗಿ ಹಾಕಿರುತ್ತಾರೆ. ಯಾವುದರ ಎರಡು ಪಟ್ಟು? ಒಂದು ಗ್ರಾಂ ಒಣ ಕ್ಯಾಲಸ್‌ನಲ್ಲಿ ಇರುವುದರ ಎರಡು ಪಟ್ಟು. ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಮೀಡಿಯಾದಲ್ಲಿ 10 ಗ್ರಾಂ ಒಣ ಕೋಶ ಬರುತ್ತದೆ, ಗ್ರಾಂಗೆ 1 ಮಿಲಿಗ್ರಾಂ ಮದ್ದು ಅಂದುಕೊಳ್ಳಿ. ಒಟ್ಟು 10 ಮಿಲಿಗ್ರಾಂ. ವಿಕಿರಣ ಕೊಟ್ಟ ಮೇಲೆ ಗ್ರಾಂಗೆ 2 ಮಿಲಿಗ್ರಾಂ ಆಯಿತು, ಆದರೆ ಬೆಳವಣಿಗೆ ನಿಂತು ಕೋಶ 4 ಗ್ರಾಂಗೆ ಇಳಿಯಿತು. ಒಟ್ಟು 8. ಪೋಸ್ಟರ್‌ನಲ್ಲಿ ಎರಡು ಪಟ್ಟು, ಕೈಗೆ ಸಿಕ್ಕಿದ್ದು ಮೊದಲಿಗಿಂತ ಕಡಿಮೆ! ಮರ ಉಳಿಸಬೇಕು ಅಂತ ಹೊರಟವರು ಒಂದು ಲೀಟರ್‌ಗೆ, ಒಂದು ತಿಂಗಳಿಗೆ ಎಷ್ಟು ಮಿಲಿಗ್ರಾಂ ಅಂತ ಹೇಳಬೇಕು. ಅದನ್ನು ಬರೆಯದ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ.

ಇದಕ್ಕೆ ದಾರಿ ಇದೆ, ಶಿಕೋನಿನ್‌ನವರೇ ತೋರಿಸಿದ್ದಾರೆ. ಮೊದಲು ಒಂದು ಮೀಡಿಯಾದಲ್ಲಿ ಕೋಶವನ್ನು ಹೊಟ್ಟೆ ತುಂಬಾ ಬೆಳೆಸುವುದು, ಬೆಳವಣಿಗೆ ನಿಲ್ಲುವ ಹೊತ್ತಿಗೆ ಇನ್ನೊಂದು ಮೀಡಿಯಾಕ್ಕೆ ಹಾಕಿ ಮದ್ದು ಮಾಡಿಸುವುದು. ವಿಕಿರಣವನ್ನೂ ಆ ಎರಡನೆಯ ಹಂತಕ್ಕೆ ಇಟ್ಟುಕೊಂಡರೆ ತೂಕ ಕಳೆದುಕೊಳ್ಳುವ ಭಯ ಕಡಿಮೆ.

ಬಣ್ಣ ನೋಡಿ ಖುಷಿ ಪಡುವುದೂ ಬೇಡ. ಪೆಟ್ಟು ಬಿದ್ದ ಕ್ಯಾಲಸ್ ಕಂದಾಗುತ್ತದೆ, ಫಿನಾಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆದ ಬಣ್ಣ ಅದು, ನಮಗೆ ಬೇಕಾದ ಮದ್ದು ಅಲ್ಲದೆಯೂ ಇರಬಹುದು. ಎಚ್‌ಪಿಎಲ್‌ಸಿಯಲ್ಲಿ (ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಶುದ್ಧ ಮಾದರಿಯ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ಮಾತಾಡೋಣ.

ಇನ್ನೊಂದು ಗೊಂದಲ. ವಿಕಿರಣದಿಂದ ಹೊಸ ತಳಿ ಮಾಡುವುದು ಬೇರೆ, ಇದು ಬೇರೆ. ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದವರ ಟಿಎಜಿ-24 ಶೇಂಗಾ ಗೊತ್ತಲ್ವಾ, ಅದರ ಹಿಂದಿರುವುದು ವಿಕಿರಣದಿಂದ ವಂಶವಾಹಿಯೇ ಬದಲಾಗಿ ಬೀಜದಿಂದ ಬೀಜಕ್ಕೆ ಉಳಿದ ಗುಣ. ಎಲಿಸಿಟರ್ ಕೆಲಸ ಕೆಲವು ದಿನದ್ದು, ಕೋಶ ಸುಧಾರಿಸಿಕೊಂಡರೆ ಮದ್ದೂ ಇಳಿಯುತ್ತದೆ. ಯಾವುದು ಆಗಿದೆ ಅಂತ ತಿಳಿಯುವುದು ಸುಲಭ. ಮತ್ತೆ ವಿಕಿರಣ ಕೊಡದೆ, ಹೊಸ ಮೀಡಿಯಾಕ್ಕೆ ಬದಲಾಯಿಸುತ್ತಾ ನಾಲ್ಕಾರು ಸಬ್‌ಕಲ್ಚರ್ ಮಾಡಿ. ಆಗಲೂ ಮದ್ದು ಜಾಸ್ತಿಯೇ ಇದ್ದರೆ ಅದು ಬದಲಾದ ಕೋಶ, ಅದನ್ನು ಬಿಡಬೇಡಿ, ಬೇರೆ ಬಾಟಲಿಗೆ ಹಾಕಿ ಹೆಸರು ಬರೆದು ಕಾಪಾಡಿ.

ಮದ್ದುಸೊಪ್ಪಿನ ಬಗ್ಗೆಯೂ ಕೇಳುತ್ತಾರೆ. ಕೊಡಗಿನ ಕಕ್ಕಡ ತಿಂಗಳ 18ರಂದು, ಆಗಸ್ಟ್ ಮೊದಲ ವಾರದಲ್ಲಿ, ಪ್ರತಿ ಮನೆಯಲ್ಲೂ ಕುದಿಸುತ್ತೇವಲ್ಲ, ನೀರು ಕಡು ನೇರಳೆ ಆಗುತ್ತದೆ, ಪಾಯಸ ಕುಡಿದ ಮಾರನೆಯ ದಿನ ಮೂತ್ರವೂ ಕೆಂಪು. ಆ ದಿನ ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅಂತ ಹಿರಿಯರ ಮಾತು. ಇದರ ಕ್ಯಾಲಸ್ ಮಾಡಿ ಗಾಮಾ ಕೊಡೋಣವಾ ಮೇಡಂ ಅನ್ನುತ್ತಾರೆ ಮಕ್ಕಳು. ಕಲಿಯಲು ಮಾಡಿ, ಖಂಡಿತ ಮಾಡಿ. ಆದರೆ ಮದ್ದುಸೊಪ್ಪು ಕಡ್ಡಿ ನೆಟ್ಟರೆ ಬರುತ್ತದೆ, ಕಾಫಿಯ ನೆರಳಲ್ಲಿ, ಮನೆಯ ಹಿಂದೆ ತಾನಾಗಿ ಹಬ್ಬುತ್ತದೆ, ಕೊಯ್ದರೆ ಮತ್ತೆ ಚಿಗುರುತ್ತದೆ. ಅದಕ್ಕೆ ಬಾಟಲಿ ಬೇಕಾಗಿಲ್ಲ. ಮದ್ದಿಗಾಗಿ ಪ್ರಾಣವನ್ನೇ ಕೊಡಬೇಕಾದ ಗಿಡಗಳಿಗೆ ಈ ಶ್ರಮ, ಈ ಖರ್ಚು ಮೀಸಲಾಗಿರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುರ್ವಾಸನೆ ಮರ, ಬೇರಿಗಾಗಿ ಕೀಳುವ ಸರ್ಪಗಂಧ, ಇಂಥವು.

ನಮ್ಮ ಊರಿನ ಮಳೆಗಾಲದಲ್ಲಿ ಮಾಡುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ಬೂಸ್ಟು ತುಂಬಿರುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ. ವಿಕಿರಣದ ಪ್ರಯೋಗವನ್ನು ಒಣ ತಿಂಗಳಿಗೆ ಇಟ್ಟುಕೊಳ್ಳಿ. ಬೂಸ್ಟು ಹತ್ತಿದ ಬಾಟಲಿಯೂ ಕೋಶಕ್ಕೆ ಎಚ್ಚರಿಕೆಯನ್ನೇ ಕೊಡುತ್ತದೆ, ಮದ್ದು ಏರಿದ್ದು ಯಾವುದರಿಂದ ಅಂತ ಆಮೇಲೆ ಬಿಡಿಸಲು ಬರುವುದಿಲ್ಲ.

ನನ್ನನ್ನು ಕೇಳಿದರೆ ಮುಂದೆ ಕೈ ಹಾಕಬೇಕಾದದ್ದು ಒಫಿಯೊರೈಜಾಗೆ. ಘಟ್ಟದ ಕಾಡಿನ ನೆರಳಲ್ಲಿ, ತೇವದ ಜಾಗದಲ್ಲಿ ಬೆಳೆಯುವ ಪುಟ್ಟ ಗಿಡಗಳ ಗುಂಪು ಅದು, ಕಾಫಿಯ ಕುಟುಂಬದ್ದೇ. ಇದರಲ್ಲಿ ಕೆಲವು ಕ್ಯಾಂಪ್ಟೊಥೆಸಿನ್ ಮಾಡುತ್ತವೆ. ಜಪಾನಿನವರು ಅದರ ಒಂದು ಜಾತಿಯ ಗಿಡಕ್ಕೆ ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಸೋಂಕಿಸಿ, ಹಾರ್ಮೋನ್ ಇಲ್ಲದೆ ಬೆಳೆಯುವ ಕೂದಲು ಬೇರು ಮಾಡಿದ್ದಾರೆ. ಆ ಬೇರು ಮದ್ದನ್ನು ಒಳಗಷ್ಟೇ ಇಟ್ಟುಕೊಳ್ಳುವುದಿಲ್ಲ, ಸುತ್ತಲಿನ ದ್ರವಕ್ಕೂ ಬಿಡುತ್ತದೆ. ದ್ರವದಲ್ಲಿ ರಾಳದ ಸಣ್ಣ ಮಣಿಗಳನ್ನು ಹಾಕಿದರೆ ಮದ್ದು ಅದಕ್ಕೆ ಅಂಟಿಕೊಳ್ಳುತ್ತದೆ, ಬೇರು ಜೀವಂತ ಇರುತ್ತದೆ. ತಿಂಗಳು ತಿಂಗಳೂ ಮಣಿ ಬದಲಾಯಿಸಿ ಮದ್ದು ತೆಗೆಯಬಹುದು. ಇಂಥ ಬೇರಿಗೆ, ಬೆಳೆದು ನಿಂತ ಮೇಲೆ, ಯುವಿ-ಬಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ಬೇರಿನ ತೂಕ, ಬೇರಿನೊಳಗಿನ ಮದ್ದು, ಮಣಿಗೆ ಹತ್ತಿದ ಮದ್ದು ಮೂರನ್ನೂ ಬೇರೆ ಬೇರೆ ಅಳೆಯಬೇಕು. ಒಫಿಯೊರೈಜಾ ಕಾಡಿನ ಗಿಡ, ಹಾಗಾಗಿ ಬುಡ ಕೀಳದೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಒಂದೆರಡು ಎಳೆ ಕುಡಿ ಮಾತ್ರ ತನ್ನಿ. ಅಷ್ಟರಿಂದಲೇ ಶುರು ಮಾಡಬಹುದು. ಮಾಡುವ ಮನಸ್ಸಿದ್ದರೆ ಮೀಡಿಯಾದ ಲೆಕ್ಕ, ದೀಪದ ಎತ್ತರ ಎಲ್ಲ ಕೂತು ಹೇಳಿಕೊಡಲು ನಾನು ತಯಾರಿದ್ದೇನೆ.